ಈ ವಾರದ ಸಮಸ್ಯೆ: ಅಮ್ಮನನ್ನೇ ಕುದುರೆಯೆಂದನು ಮಗನು ಹಾಡಿನಲಿ

ಪೃಚ್ಛಕ:
ಗೆಳೆಯರೇ, ಈ ಸಲ ಭಾಮಿನಿ ಷಟ್ಪದಿಯ ಕೊನೆಯ ಸಾಲು ಕೊಡುತ್ತಿದ್ದೇನೆ. ಮೇಲಿನ ಐದು ಸಾಲು ಬರೆದು ಇದಕ್ಕೆ ಅರ್ಥ ಕೂಡಿಸುವುದು, ಅಂದರೆ ಪೂರಣ, ನಿಮ್ಮ ಕೆಲಸ.

ಅಮ್ಮನನ್ನೇ ಕುದುರೆಯೆಂದನು ಮಗನು ಹಾಡಿನಲಿ

ಕೇಳಿದರೆ ಅಪಚಾರ ಅನ್ನಿಸುತ್ತದೆ, ಅಲ್ವಾ? ದಾರಿ ಚೀನೀ ಭಾಷೆಯಲ್ಲಿದೆ. ಮ್ಯಾಂಡರಿನ್‌ನಲ್ಲಿ ‘ಮಾ’ ಎಂಬುದನ್ನು ಮೇಲಿನ ದನಿಯಲ್ಲಿ ಸಮನಾಗಿ ಎಳೆದರೆ ಅಮ್ಮ. ಏರಿಸಿದರೆ ಸೆಣಬು. ತಗ್ಗಿಸಿದರೆ ಕುದುರೆ. ಮೇಲಿನಿಂದ ಥಟ್ಟನೆ ಇಳಿಸಿದರೆ ಬೈಯುವುದು. ಹಾಡಿನಲ್ಲಾದರೆ ರಾಗ ತನ್ನ ಪಾಡಿಗೆ ಏರಿಳಿಯುತ್ತದೆ. ಆಗ ಪದದ ಗತಿ ಏನು? ಪ್ರಾಸ ‘ಮ್ಮ’. ಮೂರು-ನಾಲ್ಕು ಮಾತ್ರೆಗಳ ನಡೆ ತಪ್ಪದಿರಲಿ.

ಷಟ್ಪದಿಪ್ರಿಯೆ:
ನನ್ನದು ಮೊದಲು ಇರಲಿ ಸರ್.

ಒಮ್ಮೆ ಮಟ್ಟಸ, ಒಮ್ಮೆ ಏರುವ,
ಒಮ್ಮೆ ತಗ್ಗುವ, ಒಮ್ಮೆ ಬೀಳುವ
ಚಿಮ್ಮು ದನಿಗಳ ನಾಲ್ಕು ಬಣ್ಣಕೆ ನಾಲ್ಕು ತಿರುಳುಗಳು
ಸುಮ್ಮನವುಗಳ ರಾಗ ತಿರುಚಲು
ಗುಮ್ಮನಾಯಿತು ಮುದ್ದು ಮಾತದು
ಅಮ್ಮನನ್ನೇ ಕುದುರೆಯೆಂದನು ಮಗನು ಹಾಡಿನಲಿ

ಪೃಚ್ಛಕ:
ಭೇಷ್! ‘ಗುಮ್ಮನಾಯಿತು ಮುದ್ದು ಮಾತದು’ ಬಹಳ ಇಷ್ಟವಾಯಿತು. ಚೀನೀ ಗಾಯಕರು ಈ ದೋಷವನ್ನು ‘ದಾವ್ ಜ಼’ ಎನ್ನುತ್ತಾರೆ. ಮಗುಚಿದ ಅಕ್ಷರ ಅಂತ ಅರ್ಥ. ಒಳ್ಳೆಯ ಗಾಯನಕ್ಕೆ ಅವರ ಮೆಚ್ಚುಗೆಯ ಮಾತೂ ಒಂದಿದೆ: ಅಕ್ಷರ ನೆಟ್ಟಗೆ, ದನಿ ದುಂಡಗೆ.

ದಾರಿಹೋಕ:
ಮೇಡಂ, ಪದ್ಯ ಚೆನ್ನಾಗಿದೆ. ಆದರೆ ಆ ಮಗನ ಪರವಾಗಿ ನಾನು ಮಾತಾಡಲೇಬೇಕು. ಎರಡು ವರ್ಷದಿಂದ ಈ ಭಾಷೆ ಕಲಿಯುತ್ತಿದ್ದೇನೆ. ಮೊದಲ ತಿಂಗಳು ನಾನು ‘ಮಾ ಮಾ’ ಎಂದು ಎರಡಕ್ಕೂ ಸಮ ತೂಕ ಕೊಡುತ್ತಿದ್ದೆ. ನಮ್ಮ ಟೀಚರ್ ಮೇಜಿನ ಮೇಲೆ ಒಂದೇ ಒಂದು ಪೆಟ್ಟು ಹಾಕಿ ತೋರಿಸಿದರು. ಪೆಟ್ಟಿನ ಮೇಲೆ ‘ಮಾ’. ಕೈ ಎತ್ತುವಾಗ ಸಣ್ಣದಾಗಿ ‘ಮ’. ಈ ಎರಡನೆಯದು ಹಗುರ ಅಕ್ಷರ. ಅದಕ್ಕೆ ತನ್ನದೇ ದನಿ ಇಲ್ಲ, ಉದ್ದವೂ ಕಮ್ಮಿ.

ಅಂದರೆ ಚೀನೀ ಮಾತಿನಲ್ಲಿ ಏರಿಳಿತ ಮಾತ್ರ ಅಲ್ಲ, ಭಾರ-ಹಗುರವೂ ಇದೆ. ಹಾಡಿನಲ್ಲಿ ರಾಗ ಏರಿಳಿತವನ್ನು ನುಂಗಿದರೂ ತಾಳ ಈ ಭಾರವನ್ನು ಕಾಪಾಡಬಲ್ಲದು. ಅವರ ಮಲ್ಲಿಗೆಯ ಜನಪದ ಹಾಡನ್ನೇ ನೋಡಿ. 1804ರಲ್ಲೇ ಜಾನ್ ಬ್ಯಾರೋ ತನ್ನ ಚೀನಾ ಪ್ರವಾಸದ ಪುಸ್ತಕದಲ್ಲಿ ಇದರ ಒಂದು ಧಾಟಿಯನ್ನು ಅಚ್ಚು ಹಾಕಿಸಿದ್ದ. ಈಗ ಎಲ್ಲರೂ ಹಾಡುವ ಧಾಟಿಯ ಮೊದಲ ಸಾಲು ನಮ್ಮ ಮೋಹನ ರಾಗದ ಸ್ವರಗಳಲ್ಲೇ ಇದೆ. ಒಂದೊಂದು ಮನೆ ಒಂದು ಎಣಿಕೆ.

ಗ | ಗಪ | ಧಸ | ಸಧ || ಪ | ಪಧ | ಪ | –
ಹಾವ್ | ಯಿ ದ್ವೊ | ಮೇ ಲಿ | ದ || ಮೊ | ಲಿ | ಹ್ವಾ | –

‘ಎಂಥ ಚೆಂದದ ಮಲ್ಲಿಗೆ ಹೂವು’ ಅಂತ ಅರ್ಥ. ‘ಮೊಲಿ’ ಸಂಸ್ಕೃತದ ಮಲ್ಲಿಕಾದಿಂದಲೇ ಹೋದದ್ದು. ಈಗ ಆ ‘ದ’ ನೋಡಿ. ನಮ್ಮ ‘ಚೆಂದದ’ದಲ್ಲಿ ಕೊನೆಯ ‘ದ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಹಗುರ ಅಕ್ಷರ. ಅದು ಕೂತಿರುವುದು ನಾಲ್ಕನೇ ಎಣಿಕೆಯಲ್ಲಿ, ಘಾತದಿಂದ, ಅಂದರೆ ತಾಳದ ಪೆಟ್ಟಿನಿಂದ, ದೂರ. ಅದು ದಾಟಿದ ಕೂಡಲೇ ಘಾತದ ಮೇಲೆ ಮಲ್ಲಿಗೆ! ಕೈಯಲ್ಲಿ ತಾಳ ಹಾಕಿ ಒಮ್ಮೆ ಹಾಡಿ ನೋಡಿ, ಗೊತ್ತಾಗುತ್ತದೆ.

ನೆಮ್ಮಿ ನಿಲ್ಲಲು ಘಾತವೊಂದಿದೆ
ಕಮ್ಮಿ ತೂಕಕೆ ಹಿಂದೆ ಜಾಗವು
ಹೊಮ್ಮಿ ಬಂದರೆ ಜೋಡಿ ಹೀಗೆಯೆ ಜನಕೆ ತಿಳಿಯುವುದು
ಇಮ್ಮಡಿಯ ಸುಖ ತಾಯ ಕಿವಿಗದು
ಸುಮ್ಮನೇಕೀ ದೂರು, ಹೇಳಿರಿ:
‘ಅಮ್ಮನನ್ನೇ ಕುದುರೆಯೆಂದನು ಮಗನು ಹಾಡಿನಲಿ’

ಷಟ್ಪದಿಪ್ರಿಯೆ:
ಸೋತೆ! ಸಮಸ್ಯೆಯನ್ನೇ ದೂರಾಗಿ ತಿರುಗಿಸಿ ಉದ್ಧರಣ ಚಿಹ್ನೆಯೊಳಗೆ ಕೂರಿಸಿದ್ದು ನನಗೆ ಹೊಳೆದಿರಲಿಲ್ಲ.

ಗಮಕಿ:
ದಾರಿಹೋಕರ ಮಾತು ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಈಗಿನ ಮ್ಯಾಂಡರಿನ್ ಸಿನಿಮಾ ಹಾಡುಗಳಲ್ಲಿ ಅದೇ ‘ದ’ ಸಾಲಿನ ಕೊನೆಗೆ ಬಂದು ಉದ್ದಕ್ಕೆ ನಿಲ್ಲುವುದೂ ಉಂಟು. ಆಗ ಗಾಯಕರು ಅದನ್ನು ಎಷ್ಟೋ ಸಲ ‘ದೀ’ ಎಂದು ಹಾಡುತ್ತಾರೆ. ಭಾರ ಹೊರಬೇಕಾದಾಗ ಅಕ್ಷರದೊಳಗಿನ ಸ್ವರವೇ ಬದಲಾಗುತ್ತದೆ. ನನಗೆ ಇದು ತಪ್ಪು ಅನ್ನಿಸುವುದಿಲ್ಲ. ನಾವು ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲಿ ‘ಹಾಡಿನಲಿ’ಯ ಕೊನೆಯ ‘ಲಿ’ಯನ್ನು ಗುರು ಮಾಡಿ ಎಳೆಯುವುದಿಲ್ಲವೇ?

ಹಳೆಯ ಚೀನೀ ನಾಟಕದ ಹಾಡುಗಳಲ್ಲಿ ಲೆಕ್ಕ ಇನ್ನೂ ಬಿಗಿ. ಬಡಿಯುವ ಎಣಿಕೆಗೆ ಅಲ್ಲಿ ‘ಬಾನ್’ ಎನ್ನುತ್ತಾರೆ, ಅಂದರೆ ಹಲಗೆ. ಅದನ್ನು ಮರದ ಹಲಗೆ ತಟ್ಟಿ ತೋರಿಸುತ್ತಾರೆ. ಮಿಕ್ಕ ಎಣಿಕೆಗೆ ‘ಯೆನ್’, ಅಂದರೆ ಕಣ್ಣು. ಕವಿ ಅರ್ಥಕ್ಕಾಗಿ ಸಾಲಿನೊಳಗೆ ಹೆಚ್ಚಿಗೆ ಅಕ್ಷರ ತುರುಕಬಹುದು. ಅವನ್ನು ‘ಚನ್ ಜ಼’ ಎನ್ನುತ್ತಾರೆ. ಅಂಗಿಗೆ ಒಳಗಡೆ ಲೈನಿಂಗ್ ಕೊಡುತ್ತೀವಲ್ಲ, ಅದೇ ಪದ. ಆದರೆ ಲೈನಿಂಗ್ ಅಕ್ಷರ ಬಾನ್ ಮೇಲೆ ಕೂರಬಾರದು. ಬೇಗ ಹಾಡಿ ದಾಟಿಸಬೇಕು. ಪದ್ಯ ಬರೆಯುವ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ!

ಹೊಸಬ:
ಗುರುಗಳೇ, ಇದು ನನ್ನ ಮೊದಲ ಪೂರಣ. ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಹಾಡುಗಳ ಬಗ್ಗೆ ಬರೆದಿದ್ದೇನೆ. ಅಲ್ಲಿ ದನಿಗಳು ಆರು, ಮತ್ತು ರಾಗ ಅವನ್ನು ಮೀರುವ ಹಾಗಿಲ್ಲ. ಮೀರಿದರೆ ಕೇಳುವವರಿಗೆ ಬೇರೆಯೇ ಪದ ಕೇಳಿಸುತ್ತದೆ. ಅದಕ್ಕೇ ಸಾಮಾನ್ಯವಾಗಿ ರಾಗ ಮೊದಲು, ಸಾಹಿತ್ಯ ಆಮೇಲೆ. ಪದ ಹೊಂದಿಸಲು ಕೆಲವರು 0, 2, 4, 3 ಎಂಬ ಅಂಕಿಗಳನ್ನು ಬಳಸುತ್ತಾರೆ. ಅವರ ಭಾಷೆಯಲ್ಲಿ ‘ಸೊನ್ನೆ’ ಎಲ್ಲಕ್ಕಿಂತ ಕೆಳದನಿ, ‘ಮೂರು’ ಎಲ್ಲಕ್ಕಿಂತ ಮೇಲು. ಈ ನಾಲ್ಕು ಪದಗಳನ್ನು ಹೇಳುತ್ತಾ ಹೋದರೆ ಸಾಕು, ದನಿ ಮೆಟ್ಟಿಲು ಹತ್ತುತ್ತದೆ.

ಒಮ್ಮೆ ರಾಗವು ಮೊದಲು ಹುಟ್ಟಲು
ನೆಮ್ಮಿ ಅಂಕಿಯ ಪದವ ಹುಡುಕುತ
ತಮ್ಮ ಸೊನ್ನೆಯನೆರಡು ನಾಲ್ಕನು ಮೂರನೆಣಿಸುವರು
ಬೊಮ್ಮನಾದರೂ ತಪ್ಪಿ ಬರೆದರೆ
ಸುಮ್ಮನಿರದಾ ಊರು ನಗುವುದು
ಅಮ್ಮನನ್ನೇ ಕುದುರೆಯೆಂದನು ಮಗನು ಹಾಡಿನಲಿ

ಗಮಕಿ:
ತಮ್ಮಾ, 0243 ಅನ್ನು ಕ್ರಮ ತಪ್ಪದೆ ಭಾಮಿನಿಯ ಮೂರನೇ ಸಾಲಿಗೆ ಇಳಿಸಿದ್ದೀಯಲ್ಲ, ಓದಿ ಖುಷಿಯಾಯಿತು. ನಾಲ್ಕನೇ ಸಾಲಿನಲ್ಲಿ ಮಾತ್ರ ಒಂದು ಮಾತ್ರೆ ಜಾಸ್ತಿ. ‘ನಾದರೂ’ ಐದಾಗುತ್ತದೆ. ‘ಬೊಮ್ಮನಾದರು’ ಎಂದು ಹ್ರಸ್ವ ಮಾಡು, ಸರಿಹೋಗುತ್ತದೆ.

ಹೊಸಬ:
ತಿದ್ದಿಕೊಂಡೆ ಅಣ್ಣಾ. ಜೋರಾಗಿ ಓದಿದಾಗ ಅಲ್ಲೇ ಕಾಲು ಎಡವಿದ ಹಾಗಾಗುತ್ತಿತ್ತು.

ಪೃಚ್ಛಕ:
ಮೂರೂ ಪೂರಣ ಅಂಗೀಕಾರ. ಗಮಕಿಯವರ ಬಾನ್-ಯೆನ್ ಓದಿದ ಮೇಲೆ ಮುಂದಿನ ವಾರಕ್ಕೆ ಅಂದುಕೊಂಡಿದ್ದ ಸಾಲನ್ನು ಬಿಟ್ಟು ಬೇರೆಯದನ್ನೇ ಕೊಡುತ್ತಿದ್ದೇನೆ. ಭಾಮಿನಿಯೇ. ಪ್ರಾಸ ‘ದ’, ಅದರ ಹಿಂದೆ ಸೊನ್ನೆ ಇರಲಿ.

ಒಂದು ಹಲಗೆಗೆ ಮೂರು ಕಣ್ಗಳು ಮೂಡಿದವು ನೋಡ