ಆಟೋವ್ಯಾಕ್ಯೂಮ್ ಓಡ್ತಿದೆ, ಆದ್ರೂ ಟೇಬಲ್ ಊದ್ತಿದೆ. ಏನನ್ನು ಗಮನಿಸ್ತೀರಿ?

ಪ್ರಶ್ನೆ, ದಾವಣಗೆರೆ:
ಇಲ್ಲಿನ ಮೆಕ್ಕೆಜೋಳದ ಮಂಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ 14. ಇದರಲ್ಲಿ ಸಾಲು ಬದಲಾದಾಗಲೆಲ್ಲ ಹಳೇ ಪ್ರತಿ ‘ಸತ್ತ ಸಾಲು’ ಆಗಿ ಟೇಬಲ್‌ನಲ್ಲೇ ಉಳಿಯುತ್ತದೆ; ಅದನ್ನು ತಾನಾಗಿ ಗುಡಿಸುವುದು ಆಟೋವ್ಯಾಕ್ಯೂಮ್. ಸುಗ್ಗಿಯಲ್ಲಿ ಲಾಟ್ ಟೇಬಲ್‌ನ ಒಂದೇ ಸಾಲು ತೂಕ, ದರ, ಪಾವತಿ ಅಂತ ನಾಲ್ಕೈದು ಸಲ ಬದಲಾಗುತ್ತದೆ. ಸಂಜೆಯಾದರೆ ಕ್ವೆರಿಗಳು ತೆವಳುತ್ತವೆ. ಸಿಪಿಯು, ಡಿಸ್ಕ್ ಬಿಟ್ಟು ನಾವು ಬೇರೇನೂ ನೋಡುತ್ತಿಲ್ಲ. ಯಾವ ಅಂಕಿ ನೋಡಿ ಟ್ಯೂನ್ ಮಾಡ್ತೀರಿ?

ಉತ್ತರ, ಹರಿಹರ:
ಸರ್, ಡಿಫಾಲ್ಟ್ ಪ್ರಕಾರ 50 ಸಾಲು ಮತ್ತು ಟೇಬಲ್‌ನ ಶೇ. 20 ಸತ್ತ ಮೇಲೆ ವ್ಯಾಕ್ಯೂಮ್ ಏಳುತ್ತದೆ. ಒಂದು ಕೋಟಿ ಸಾಲಿದ್ದರೆ 20 ಲಕ್ಷ ಸಾಯುವ ತನಕ ಸುಮ್ನೆ ಇರುತ್ತದೆ. ಲಾಟ್ ಟೇಬಲ್ಲಿಗೆ ಮಾತ್ರ ಈ ಪಾಲನ್ನು, ಅಂದರೆ ಸ್ಕೇಲ್ ಫ್ಯಾಕ್ಟರ್ ಅನ್ನು, 0.02 (ಶೇ. 2) ಮಾಡಿ. ಇಡೀ ಸರ್ವರ್‌ಗೆ ಬೇಡ. ಸತ್ತ ಸಾಲುಗಳ ಲೆಕ್ಕ, ಕೊನೆಯ ವ್ಯಾಕ್ಯೂಮ್ ಸಮಯ ಎರಡನ್ನೂ ಐದು ನಿಮಿಷಕ್ಕೊಮ್ಮೆ ಬೇರೆ ಟೇಬಲ್‌ನಲ್ಲಿ ಬರೆದಿಡಿ. ಈಗಿನ ಅಂಕಿ ಒಂದನ್ನೇ ನೋಡಿದರೆ ಏರ್ತಿದೆಯೋ ಇಳೀತಿದೆಯೋ ಗೊತ್ತಾಗಲ್ಲ.

ಉತ್ತರ, ಚಿತ್ರದುರ್ಗ:
ಹರಿಹರದವರ ಸಲಹೆ ಸರಿ, ಆದರೆ ಅದು ಎರಡನೇ ಹೆಜ್ಜೆ. ಮೊದಲು ಆಟೋವ್ಯಾಕ್ಯೂಮ್ ಲಾಗ್ ಆನ್ ಮಾಡಿ. 14ರಲ್ಲಿ ಅದು ಡಿಫಾಲ್ಟ್ ಆಗಿ ಆಫ್. 15ರಿಂದ 10 ನಿಮಿಷ ಮೀರಿದ ಕೆಲಸ ಲಾಗ್ ಆಗುತ್ತದೆ. ಮಿತಿಯನ್ನು 0 ಇಟ್ಟರೆ ಪ್ರತಿ ಓಟವೂ ಕಾಣುತ್ತದೆ. ಅದರಲ್ಲಿ ‘ಸತ್ತಿದೆ, ಆದರೆ ಇನ್ನೂ ತೆಗೆಯಲಾಗದು’ ಎಂಬ ಅಂಕಿ ಇರುತ್ತದೆ. ನಾನು ಮೊದಲು ನೋಡುವುದು ಅದನ್ನೇ. ಅದು ದೊಡ್ಡದಿದ್ದರೆ ಯಾವುದೋ ಹಳೇ ಟ್ರಾನ್ಸಾಕ್ಷನ್ (ಶುರುವಾಗಿ ಇನ್ನೂ ಮುಗಿಯದ ಡೇಟಾಬೇಸ್ ಕೆಲಸ) ಬಾಗಿಲು ಹಿಡಿದು ನಿಂತಿದೆ ಅಂತ ಅರ್ಥ; ಅದಕ್ಕೆ ಹಳೇ ಪ್ರತಿ ಬೇಕಾಗಬಹುದು ಅಂತ ವ್ಯಾಕ್ಯೂಮ್ ಮುಟ್ಟಲ್ಲ. ಆಗ ಸ್ಕೇಲ್ ಫ್ಯಾಕ್ಟರ್ ಇಳಿಸಿದರೆ ವ್ಯಾಕ್ಯೂಮ್ ಮತ್ತೆ ಮತ್ತೆ ಓಡಿ ಬರಿಗೈಲಿ ವಾಪಸ್ ಬರುತ್ತದೆ, ಡಿಸ್ಕ್ ಓದು ಮಾತ್ರ ಜಾಸ್ತಿ. ನಮ್ಮಲ್ಲಿ ಒಂದು ಎಣ್ಣೆ ಮಿಲ್ಲಿನ ರಿಪೋರ್ಟ್ ಕರ್ಸರ್ (ಫಲಿತಾಂಶವನ್ನು ಸ್ವಲ್ಪ ಸ್ವಲ್ಪವೇ ಓದುವ ದಾರಿ) ತೆರೆದು ಮಧ್ಯಾಹ್ನದವರೆಗೂ ಮುಚ್ಚುತ್ತಿರಲಿಲ್ಲ. ಸೆಷನ್ ಪಟ್ಟಿಯಲ್ಲಿ (pg_stat_activity) ಬ್ಯಾಕೆಂಡ್ ಎಕ್ಸ್‌ಮಿನ್, ಅಂದರೆ ಆ ಸೆಷನ್ ಎಷ್ಟು ಹಳೇ ಸಾಲುಗಳನ್ನು ಹಿಡಿದಿಟ್ಟಿದೆ ಅನ್ನುವ ಗುರುತು, ಅದರ ವಯಸ್ಸು ನೋಡಿ, ಸಿಗುತ್ತದೆ. ಮರೆತುಬಿಟ್ಟ ಪ್ರಿಪೇರ್ಡ್ ಟ್ರಾನ್ಸಾಕ್ಷನ್ (ಸಿದ್ಧ ಮಾಡಿ, ಕೊನೆಯ ಕಮಿಟ್‌ಗೆ ಕಾಯಿಸಿಟ್ಟದ್ದು) ಇದ್ದರೂ ಇದೇ ಪಾಡು. ಅದು ಈ ಪಟ್ಟಿಯಲ್ಲಿ ಬರಲ್ಲ, ಬೇರೆ ನೋಡಬೇಕು.

ಉತ್ತರ, ದಾವಣಗೆರೆ ವಿದ್ಯಾನಗರ:
ಇನ್ನೊಂದು. ಒಟ್ಟು ಅಪ್‌ಡೇಟ್‌ನಲ್ಲಿ ಹಾಟ್ (HOT) ಅಪ್‌ಡೇಟ್, ಅಂದರೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಮುಟ್ಟದೆ ಅದೇ ಪುಟದಲ್ಲಿ ಮುಗಿಯುವ ಬದಲಾವಣೆ, ಎಷ್ಟು ಅಂತ ನೋಡಿ. ಪಾವತಿ ಸ್ಥಿತಿ ಕಾಲಂ ಮೇಲೆ ಇಂಡೆಕ್ಸ್ ಇದೆ ಅಲ್ವಾ? ಹಾಗಿದ್ದರೆ ಆ ಕಾಲಂ ಬದಲಾದಾಗಲೆಲ್ಲ ಇಂಡೆಕ್ಸ್‌ಗಳೂ ಬೆಳೆಯುತ್ತವೆ. ಬೇಡದ ಇಂಡೆಕ್ಸ್ ತೆಗೆಯಿರಿ, ಫಿಲ್‌ಫ್ಯಾಕ್ಟರ್ (ಪುಟವನ್ನು ಶೇ. ಎಷ್ಟು ತುಂಬಬೇಕು ಅನ್ನುವುದು) 100ರಿಂದ 85ಕ್ಕೆ ಇಳಿಸಿ ನೋಡಿ, ಹೊಸ ಪ್ರತಿಗೆ ಅಲ್ಲೇ ಜಾಗ ಸಿಗುತ್ತದೆ. ಒಟ್ಟಿಗೆ ಓಡುವ ಆಟೋವ್ಯಾಕ್ಯೂಮ್ ವರ್ಕರ್ ಸಂಖ್ಯೆ 3ರಿಂದ ಏರಿಸಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾಸ್ಟ್ ಲಿಮಿಟ್ (ವ್ಯಾಕ್ಯೂಮ್ ವಿರಾಮಕ್ಕೆ ಮುಂಚೆ ಮಾಡಬಹುದಾದ ಕೆಲಸದ ಮಿತಿ) ಎಲ್ಲ ವರ್ಕರ್‌ಗಳಿಗೂ ಸೇರಿ ಒಂದೇ. ಅದನ್ನು ಏರಿಸದೆ ಜನ ಜಾಸ್ತಿ ಮಾಡಿದರೆ ಒಬ್ಬೊಬ್ಬರೂ ನಿಧಾನ ಆಗುತ್ತಾರೆ ಅಷ್ಟೇ.

ಪ್ರಶ್ನೆ ಕೇಳಿದವರು:
ಲಾಗ್ ಹಾಕಿದೆ. ತೆಗೆಯಲಾಗದ ಸಾಲುಗಳು ಹರಾಜು ಶುರುವಾದ ಮೇಲೆ ಏರ್ತಾ ಹೋಗುತ್ತವೆ. ಬ್ಯಾಂಕ್ ಹೊಂದಾಣಿಕೆಯ ಒಂದು ಪ್ರೋಗ್ರಾಂ ಸಾಲು ಬರೆದು, ಕಮಿಟ್ ಮಾಡದೆ ಕಾಯುತ್ತಾ ಕೂತಿದೆ. ಹೀಗೆ ಸುಮ್ನೆ ಕಾಯುವ ಟ್ರಾನ್ಸಾಕ್ಷನ್‌ಗೆ ಟೈಮ್‌ಔಟ್ ಇಟ್ಟರೆ ಬಿಲ್ಲಿಂಗ್ ಕೂಡ ಕಡಿದುಹೋಗಲ್ವಾ?

ಉತ್ತರ, ಚಿತ್ರದುರ್ಗ:
ಆ ಪ್ರೋಗ್ರಾಂ ಬಳಸುವ ಡೇಟಾಬೇಸ್ ಯೂಸರ್‌ಗೆ ಮಾತ್ರ ಟೈಮ್‌ಔಟ್ ಇಡಿ, ಬಿಲ್ಲಿಂಗ್ ಬೇರೆ ಯೂಸರ್‌ನಲ್ಲಿದ್ದರೆ ಅದಕ್ಕೆ ತಾಗಲ್ಲ. ಹೊಸ ಕನೆಕ್ಷನ್‌ಗಳಿಗಷ್ಟೇ ಅನ್ವಯ ಆಗುವುದರಿಂದ ಆ ಪ್ರೋಗ್ರಾಂ ಅನ್ನೊಮ್ಮೆ ರೀಸ್ಟಾರ್ಟ್ ಮಾಡಿ. ಸ್ಕೇಲ್ ಫ್ಯಾಕ್ಟರ್ ವಿಷಯ ಅದಾದ ಮೇಲೆ ನೋಡೋಣ.