ಮನೆ ಮೇಲೆ ಸೋಲಾರ್ ಹಾಕಿಸೋದಾ, ಸುಮ್ನಿರೋದಾ? ಅನುಭವ ಇದ್ದವರು ಹೇಳಿ

ಕೇಳಿದವರು, ವಿದ್ಯಾರಣ್ಯಪುರ:
30x40 ಸೈಟಿನಲ್ಲಿ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ನಮ್ಮ ಮೀಟರಿನಲ್ಲಿ ತಿಂಗಳಿಗೆ 320 ಯೂನಿಟ್ ಆಸುಪಾಸು. ಸಬ್ಸಿಡಿ ಇದೆ, ಈಗಲೇ ಹಾಕಿಸಿ ಅಂತ ದಿನಾ ಯಾರಾದರೊಬ್ಬರು ಫೋನ್ ಮಾಡುತ್ತಾರೆ. ಹಾಕಿದ ದುಡ್ಡು ನಿಜವಾಗಲೂ ವಾಪಸ್ ಬರುತ್ತಾ?

ಬನಶಂಕರಿಯಿಂದ:
ಮೊದಲು ಎರಡೂ ಮೀಟರಿನ ಬಿಲ್ ಮುಂದಿಟ್ಟುಕೊಳ್ಳಿ ಸರ್. ಬಾಡಿಗೆಯವರಿಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಆ ಮೀಟರಿನ ತಂಟೆಗೇ ಹೋಗಬೇಡಿ. ಬಿಲ್ಲೇ ಇಲ್ಲದ ಕಡೆ ಸೋಲಾರ್ ಉಳಿಸೋದಾದರೂ ಏನನ್ನ? ನಿಮ್ಮದು ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿದೆ, ಪೂರ್ತಿ ಬಿಲ್ ಕಟ್ಟುತ್ತಿದ್ದೀರಿ. ಲೆಕ್ಕ ಹಾಕಬೇಕಾದ್ದು ಅಲ್ಲಿ.

ನಮ್ಮದು 3 ಕಿಲೋವ್ಯಾಟ್. ಖರ್ಚು ಎರಡು ಲಕ್ಷದ ಹತ್ತಿರ. ಪಿಎಂ ಸೂರ್ಯ ಘರ್ ಸಬ್ಸಿಡಿ 78,000 ಬಂತು. 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ದಾಟಿದರೆ ಎಷ್ಟೇ ಹಾಕಿಸಿ, 78,000ಕ್ಕೇ ನಿಲ್ಲುತ್ತೆ. ಅದೂ ಮೀಟರ್ ಬದಲಾಯಿಸಿ ಚಾಲೂ ಆದ ಮೇಲೆ ಖಾತೆಗೆ ಬೀಳೋದು. ಒಳ್ಳೇ ಬಿಸಿಲಿದ್ದರೆ ದಿನಕ್ಕೆ 12 ಯೂನಿಟ್ ಸಿಗುತ್ತೆ. ಆಷಾಢದ ಮೋಡದಲ್ಲಿ ಅರ್ಧವೂ ಬರದ ದಿನ ಇದೆ.

ಫೋನ್ ಮಾಡುವವರು ಹೇಳದ ವಿಷಯ ಒಂದಿದೆ. 100 ಯೂನಿಟ್ ದಾಟಿದ ಮನೆಗಳಿಗೆ ಯೂನಿಟ್‌ಗೆ 7 ರೂಪಾಯಿ ಇದ್ದ ದರವನ್ನು ಕೆಇಆರ್‌ಸಿ (ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡುವ ಆಯೋಗ) 2024ರ ಏಪ್ರಿಲಿನಲ್ಲಿ 5.90ಕ್ಕೆ ಇಳಿಸಿತು. ಮರುವರ್ಷ 5.80. ಆಗಲೇ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145ಕ್ಕೆ ಏರಿತು. ಯೂನಿಟ್ ಅಗ್ಗವಾದಷ್ಟೂ ಸೋಲಾರಿನ ಉಳಿತಾಯ ಇಳಿಯುತ್ತೆ. ನಿಗದಿತ ಶುಲ್ಕವನ್ನಂತೂ ಅದು ಮುಟ್ಟೋದೇ ಇಲ್ಲ. ಹಳೇ ದರದಲ್ಲಿ ನಾಲ್ಕು ವರ್ಷಕ್ಕೆ ಹುಟ್ಟುತ್ತಿದ್ದ ದುಡ್ಡು ಈಗ ಐದು ದಾಟುತ್ತೆ. ಒಂದು ಸರ್ಕಾರ ಪ್ಯಾನೆಲಿಗೆ ದುಡ್ಡು ಕೊಡುತ್ತೆ, ಇನ್ನೊಂದು ಕರೆಂಟನ್ನೇ ಪುಕ್ಕಟೆ ಕೊಡುತ್ತೆ. ನಡುವೆ ಲೆಕ್ಕ ಹಾಕೋದು ನಮ್ಮ ಪಾಡು.

ರಾಜಾಜಿನಗರದಿಂದ:
ಯುಪಿಎಸ್ ಮಾರಿಬಿಡಬೇಡಿ! ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತೆ, ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ. ಮತ್ತೆ, ನೀರಿನ ಟ್ಯಾಂಕಿನ ನೆರಳು ನೋಡಿಕೊಳ್ಳಿ. ನಮ್ಮಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಅದು ಒಂದೇ ಪ್ಯಾನೆಲಿನ ಮೂಲೆ ಮೇಲೆ ಬೀಳುತ್ತೆ, ಇಡೀ ಸಾಲಿನ ಉತ್ಪಾದನೆ ಕುಸಿಯುತ್ತೆ.

ಪೀಣ್ಯದಿಂದ:
ಸಬ್ಸಿಡಿ ಬೇಕೆಂದರೆ ಪ್ಯಾನೆಲ್ ಅಷ್ಟೇ ಅಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಅದರ ರೇಟು ಜಾಸ್ತಿ. 2022ರಲ್ಲಿ ಹೊರಗಿನ ಪ್ಯಾನೆಲಿಗೆ 40% ಸುಂಕ ಹಾಕಿದ್ದೂ ಇಲ್ಲಿನ ಕಾರ್ಖಾನೆಗಳು ಚೀನಾದ ಮಾಲಿನೆದುರು ನಿಲ್ಲಲಿ ಅಂತಲೇ. 2025ರ ಸೆಪ್ಟೆಂಬರಿನಲ್ಲಿ ಪ್ಯಾನೆಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಕೊಟೇಶನ್ ಹಳೇದಾಗಿದ್ದರೆ ಹೊಸದು ಕೇಳಿ.

ಯಲಹಂಕದಿಂದ (ಊರು ಪಾವಗಡದ ಕಡೆ):
ಸರ್ಕಾರಗಳಿಗೆ ಸೋಲಾರ್ ಮೇಲೆ ಇಷ್ಟು ಪ್ರೀತಿ ಬರೀ ಪರಿಸರಕ್ಕಾಗಿ ಅಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ರಾಯಚೂರಿಗೆ ಹೊರಗಿಂದ ರೈಲಿನಲ್ಲಿ ಬರಬೇಕು. ಶರಾವತಿ ನಂಬಿದರೆ ಮಳೆ ಕೈಕೊಡುತ್ತೆ. 2023ರ ಬರದಲ್ಲಿ ಜಲಾಶಯದಲ್ಲಿ ನೀರು ಕಮ್ಮಿ ಇದ್ದಾಗಲೇ ಪಂಪ್‌ಸೆಟ್‌ಗಳೂ ಜಾಸ್ತಿ ಓಡಿದವು.

ನಮ್ಮ ಕಡೆ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಆಗಿದೆ. ಜಮೀನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000ದಿಂದ ಶುರುಮಾಡಿ ಗುತ್ತಿಗೆಗೆ ತೆಗೆದುಕೊಂಡರು. ಮಳೆಯಿಲ್ಲದೆ ಶೇಂಗಾ ಒಣಗಿಸಿಕೊಳ್ಳುತ್ತಿದ್ದವರಿಗೆ ಅದು ಗ್ಯಾರಂಟಿ ದುಡ್ಡು, ಅದಕ್ಕೇ ಒಪ್ಪಿದರು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಅವರಿಗೆ ಗುತ್ತಿಗೆ ದುಡ್ಡೂ ಇಲ್ಲ, ಕೂಲಿಯೂ ಹೋಯ್ತು. ಎಷ್ಟೋ ಜನ ಇಲ್ಲೇ ಬಂದು ಕಟ್ಟಡದ ಕೆಲಸಕ್ಕೆ ನಿಂತಿದ್ದಾರೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ದಕ್ಷಿಣಕ್ಕೆ ಖಾಲಿ ಸೈಟ್ ಇದೆ, ಅವರು ಸದ್ಯದಲ್ಲೇ ಕಟ್ಟಿಸುತ್ತಾರಂತೆ. ಎಷ್ಟು ಮಹಡಿ ಅಂತ ಮೊದಲು ಕೇಳಿಕೊಂಡು ಬರುತ್ತೇನೆ. ನೆರಳು ಬೀಳಲ್ಲ ಅಂತಾದರೆ 2 ಕಿಲೋವ್ಯಾಟಿಗೆ ಕೊಟೇಶನ್ ತೆಗೆಸಿ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.