ಮನೆಯ ಗುಂಪಿನಲ್ಲಿ ಹಕೀಮ್ ಅಜ್ಮಲ್ ಖಾನ್

ದೊಡ್ಡಪ್ಪ: ಮೇಲೆ ಹಾಕಿರುವ ಸಂದೇಶವನ್ನು ಎಲ್ಲರೂ ಓದಿ. ಅದರ ಪ್ರಕಾರ ಈ ಹಕೀಮ್, ಅಂದರೆ ಯುನಾನಿ ವೈದ್ಯ, ಅಜ್ಮಲ್ ಖಾನರು ರಾಂಪುರದ ನವಾಬರ ಆಸ್ಥಾನ ವೈದ್ಯರು. ಬ್ರಿಟಿಷ್ ಸರ್ಕಾರದಿಂದ ‘ಹಾಜಿಕ್-ಉಲ್-ಮುಲ್ಕ್’ ಬಿರುದು ಪಡೆದವರು. ತಮ್ಮ ವೈದ್ಯಕೀಯ ಕಾಲೇಜಿಗೆ ವೈಸರಾಯ್ ಕೈಯಿಂದ ಅಡಿಗಲ್ಲು ಹಾಕಿಸಿದವರು. ಇವರನ್ನು ಸ್ವಾತಂತ್ರ್ಯ ಹೋರಾಟಗಾರ ಎಂದು ಹೇಗೆ ಕರೆಯುವುದು?

ನಾನು: ದೊಡ್ಡಪ್ಪ, ಅದರಲ್ಲಿರುವುದು ಸುಳ್ಳಲ್ಲ. ಆದರೆ ಬರೆದವರು 1916ಕ್ಕೇ ಕಥೆ ನಿಲ್ಲಿಸಿದ್ದಾರೆ. ಆ ವರ್ಷ ದೆಹಲಿಯ ಕರೋಲ್ ಬಾಗ್‌ನಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅಡಿಗಲ್ಲು ಹಾಕಿದ ಆಯುರ್ವೇದ–ಯುನಾನಿ ತಿಬ್ಬಿಯಾ ಕಾಲೇಜನ್ನು 1921ರ ಫೆಬ್ರುವರಿಯಲ್ಲಿ ಉದ್ಘಾಟಿಸಿದವರು ಗಾಂಧೀಜಿ! ನಡುವೆ ವಿಚಾರಣೆ ಇಲ್ಲದೆ ಜನರನ್ನು ಬಂಧಿಸಿಡುವ ರೌಲಟ್ ಕಾಯ್ದೆ ಬಂತು, ಜಲಿಯನ್‌ವಾಲಾ ಬಾಗ್ ನಡೆಯಿತು. 1920ರಲ್ಲಿ ಅವರು ಬಿರುದನ್ನು ಸರ್ಕಾರಕ್ಕೇ ಹಿಂದಿರುಗಿಸಿದರು.

ದೊಡ್ಡಪ್ಪ: ಆಗ ಬಿರುದು ಬಿಟ್ಟವರು ಬೇಕಾದಷ್ಟು ಮಂದಿ. ಗಾಳಿ ಬಂದಾಗ ತೂರಿಕೊಂಡರು, ಅಷ್ಟೇ.

ನಾನು: ಗಾಳಿ ಬರುವುದಕ್ಕೆ ಹತ್ತು ವರ್ಷ ಮೊದಲೇ, 1910ರ ಹೊತ್ತಿಗೆ, ನಮ್ಮ ವೈದ್ಯ ಪದ್ಧತಿಗಳನ್ನು ಕಾನೂನಿನ ಹೊರಗಿಡಲು ಸರ್ಕಾರ ಹೊರಟಾಗ ಆಯುರ್ವೇದ ಪಂಡಿತರನ್ನೂ ಯುನಾನಿ ಹಕೀಮರನ್ನೂ ಒಂದೇ ಸಮ್ಮೇಳನದಲ್ಲಿ ಕೂರಿಸಿದವರು ಇವರು. ಕುರ್‌ಆನ್ ಕಂಠಪಾಠ ಮಾಡಿ, ಅರಬ್ಬಿ, ಪರ್ಷಿಯನ್ ಓದಿ ಬೆಳೆದ ವಿದ್ವಾಂಸರು ಕಾಲೇಜಿನ ಹೆಸರಿನಲ್ಲೇ ಆಯುರ್ವೇದವನ್ನು ಸೇರಿಸಿದರು. ಅಡಿಗಲ್ಲಿಗೆ ವೈಸರಾಯ್ ಅವರನ್ನು ಕರೆದದ್ದೂ ಆ ವಿದ್ಯೆ ಉಳಿಯಲಿ ಎಂದೇ, ನನಗೆ ಅದರಲ್ಲಿ ಅನುಮಾನವಿಲ್ಲ. ಇನ್ನು, 1921ರ ಅಹಮದಾಬಾದ್ ಕಾಂಗ್ರೆಸ್‌ಗೆ ಆಯ್ಕೆಯಾಗಿದ್ದ ಚಿತ್ತರಂಜನ್ ದಾಸ್ ಜೈಲಿನಲ್ಲಿದ್ದಾಗ ಅಧ್ಯಕ್ಷತೆ ವಹಿಸಿದವರು ಯಾರು? ಸರ್ಕಾರ ಒಬ್ಬೊಬ್ಬರನ್ನೇ ಹಿಡಿದು ಒಳಗೆ ಹಾಕುತ್ತಿದ್ದ ದಿನಗಳಲ್ಲಿ ಆ ಕುರ್ಚಿಯಲ್ಲಿ ಕೂರುವುದಕ್ಕೆ ಎದೆಗಾರಿಕೆ ಬೇಕಿತ್ತು.

ಅತ್ತೆ: ಸರ್ಪಗಂಧದ ವಿಷಯ ಯಾರೂ ಎತ್ತಲಿಲ್ಲವಲ್ಲ? ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಬೆಳೆಯುವ ಗಿಡ ಅದು. ಹಕೀಮರು ಪ್ರೋತ್ಸಾಹಿಸಿದ ಸಲೀಮುಜ್ಜಮಾನ್ ಸಿದ್ದೀಕಿ ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದಿ ಬಂದು, ಅದರ ಬೇರಿನಿಂದ 1931ರಲ್ಲಿ ಒಂದು ಕ್ಷಾರಾಭವನ್ನು (ಸಸ್ಯದಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕ) ಬೇರ್ಪಡಿಸಿದರು. ಹಕೀಮರ ನೆನಪಿಗೆ ಅದಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಹಳೆಯ ವೈದ್ಯವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಹೆದರದವರು ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಮಾತು.

ಅಕ್ಕ: ಅತ್ತೆ, ಆ ಔಷಧಿ ಇವತ್ತಿಗೂ ಬಳಕೆಯಲ್ಲಿದೆ. ಬ್ರುಗಾಡಾ ಎಂಬ ಹೃದಯ ಬಡಿತದ ತೊಂದರೆ ಇದೆ ಎಂದು ಸಂಶಯ ಬಂದರೆ, ರೋಗಿಯನ್ನು ಮಲಗಿಸಿ, ಎದೆಗೆ ಇಸಿಜಿ ತಂತಿಗಳನ್ನು ಅಂಟಿಸಿ, ಅಜ್ಮಲೀನ್ ಅನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ. ಅಡಗಿದ್ದ ದೋಷ ಇಸಿಜಿ ಗೆರೆಯಲ್ಲಿ ಏರಿ ಕಾಣಿಸುತ್ತದೆ. ಏನಾದರೂ ಏರುಪೇರಾದರೆ ಎಂದು ವಿದ್ಯುತ್ ಆಘಾತ ಕೊಟ್ಟು ಹೃದಯ ಬಡಿತ ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರ ಪಕ್ಕದಲ್ಲೇ ಇರುತ್ತದೆ.

ದೊಡ್ಡಪ್ಪ: ಒಳ್ಳೆಯ ವೈದ್ಯರು ಎಂಬುದನ್ನು ನಾನು ಅಲ್ಲಗಳೆಯಲಿಲ್ಲ. ದೇಶಕ್ಕಾಗಿ ಕೈಯಿಂದ ಏನು ಕಳೆದುಕೊಂಡರು, ಅದನ್ನು ಹೇಳಿ.

ನಾನು: ದುಡ್ಡು ಕಳೆದುಕೊಂಡರು ದೊಡ್ಡಪ್ಪ. ಅಸಹಕಾರ ಚಳವಳಿಯಲ್ಲಿ ಸರ್ಕಾರಿ ನೆರವಿನ ವಿದ್ಯಾಸಂಸ್ಥೆಗಳನ್ನು ಬಿಟ್ಟು ಬಂದವರಿಗಾಗಿ 1920ರಲ್ಲಿ ಅಲೀಗಢದಲ್ಲಿ ಜಾಮಿಯಾ ಮಿಲ್ಲಿಯಾ ಎಂಬ ವಿದ್ಯಾಪೀಠ ಆರಂಭವಾಯಿತು. ಮೊದಲ ಕುಲಾಧಿಪತಿ ಇವರೇ. ತುರ್ಕಿಯ ಖಲೀಫರ ಪರವಾಗಿ ನಡೆದ ಖಿಲಾಫತ್ ಚಳವಳಿ ಮುಗಿದು ಹಣದ ಮೂಲ ಬತ್ತಿದಾಗ ಸಂಸ್ಥೆಯನ್ನು ಮುಚ್ಚಿಬಿಡೋಣ ಎಂಬ ಮಾತು ಬಂತು. 1925ರಲ್ಲಿ ಅದನ್ನು ಕರೋಲ್ ಬಾಗ್‌ಗೆ ತಂದು, 1927ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವ ತನಕ ತಮ್ಮ ಜೇಬಿನಿಂದ ಹಣ ಹಾಕಿದರು. ದಯವಿಟ್ಟು ಈ ಸಂದೇಶವನ್ನು ಬೇರೆ ಗುಂಪುಗಳಿಗೆ ಹೀಗೇ ಕಳಿಸಬೇಡಿ.

ದೊಡ್ಡಪ್ಪ: ವೈಸರಾಯ್ ಅಡಿಗಲ್ಲು ನನಗೆ ಈಗಲೂ ಸರಿ ಕಾಣುವುದಿಲ್ಲ. ಜಾಮಿಯಾದ ವಿಷಯ ಗೊತ್ತಿರಲಿಲ್ಲ. ನೀನು ಬರೆದದ್ದನ್ನು ಕೆಳಗೆ ಸೇರಿಸಿಯೇ ಕಳಿಸುತ್ತೇನೆ.